ಮೂರನೇ ಪೆನ್ನು ಬರೆಯಬೇಕು

ಬೆಳಗಿನ ಐದೂವರೆ. ಶಾಯಿ ಕಾರ್ಖಾನೆಯ ಹಿಂಬದಿ ಕೋಣೆಯಲ್ಲಿ ನೀಲಕ್ಕ ದೀಪ ಹಾಕುತ್ತಾರೆ. ಕಿಟಕಿಕಟ್ಟೆಯ ಮೇಲೆ ನಿನ್ನೆ ಸಂಜೆಯಿಂದ ಮುಚ್ಚಳವಿಲ್ಲದೆ ಮಲಗಿರುವ ಮೂರು ಪೆನ್ನುಗಳಿವೆ. ಮೂರರ ಹೊಟ್ಟೆಯಲ್ಲೂ ಮೂಲೆಯ ಉಕ್ಕಿನ ಡ್ರಮ್ಮಿನಿಂದ ತೆಗೆದ ಕಡುನೀಲಿ ಶಾಯಿ. ಅಗ್ಗದ ನೋಟ್‌ಬುಕ್ಕಿನ ತೆಳು ಹಾಳೆ ಹರಡಿಕೊಂಡು ಅವರು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ಮೊದಲನೆಯದು ಬರೆಯುತ್ತದೆ. ಎರಡನೆಯದೂ ಬರೆಯುತ್ತದೆ. ಮೂರನೆಯದು ಎರಡಕ್ಷರ ಬರೆದು ಗಂಟಲು ಕಟ್ಟಿದವರಂತೆ ನಿಂತುಬಿಡುತ್ತದೆ.

"ಇನ್ನೂ ನಿದ್ದೆ ತೀರಿಲ್ಲ ಇದಕ್ಕೆ," ಎಂದು ಡ್ರಮ್ಮಿನ ಮೈ ತಟ್ಟುತ್ತಾರೆ, ಎಳೆಗೂಸನ್ನು ತಟ್ಟಿದ ಹಾಗೆ.

ಅಂಗೈ ಗೆರೆಗಳಲ್ಲೆಲ್ಲ ನೀಲಿ ಇಳಿದು ಕೂತಿರುವುದರಿಂದ ಅವರಿಗೆ ನೀಲಕ್ಕ ಎಂಬ ಹೆಸರು. ಮೂವತ್ತೊಂದು ವರ್ಷದಿಂದ ಬಣ್ಣದ ಪುಡಿ ತೂಗಿ, ಬಟ್ಟಿ ಇಳಿಸಿದ ನೀರಲ್ಲಿ ಕಲಸಿ, ಕಾದು, ಸೋಸುವುದು ಅವರ ಕೆಲಸ. ಬಸ್ ಮೆಕ್ಯಾನಿಕ್ ಆಗಿ ನಿವೃತ್ತರಾದ ಅವರ ಗಂಡ ನಗುತ್ತಾರೆ: "ನನ್ನ ಕೈ ಕಪ್ಪು, ಇವಳ ಕೈ ನೀಲಿ. ಮದುವೆಯಾದ ವರ್ಷವೇ ಬಿಳಿ ಅಂಗಿ ಆಸೆ ಬಿಟ್ಟೆ."

ಕಂಪನಿ ಹನ್ನೆರಡು ಬಣ್ಣ ಮಾಡುತ್ತದೆ. ಹೆಸರು ನಿಂತಿರುವುದು ಮಾತ್ರ ಈ ಕಡುನೀಲಿಯ ಮೇಲೆ. ಮುಂಬಾಗಿಲಲ್ಲಿ ಇದರ ಸೀಸೆಯ ಆಳೆತ್ತರದ ಚಿತ್ರವಿದೆ, ಪಕ್ಕದಲ್ಲಿ ಯಜಮಾನರ ಭಾವಚಿತ್ರವಿದೆ. ಕಲಸಿದ ಕೈಗೆ ಆ ಗೋಡೆಯಲ್ಲಿ ಅಂಗೈಯಗಲ ಜಾಗವೂ ಇಲ್ಲ. ಇದು ಮರೆವಲ್ಲ, ರೂಢಿ. ಕೈಗಳನ್ನು ಹಿಂಬಾಗಿಲಿನಿಂದಲೇ ಒಳಗೆ ಬಿಟ್ಟುಕೊಳ್ಳುವ ರೂಢಿ.

ಹಾಗಾದರೆ ಈ ಶಾಯಿಯಲ್ಲಿ ಅಂಥದ್ದೇನಿದೆ? "ಬಣ್ಣ ಯಾರು ಬೇಕಾದ್ರೂ ಮಾಡ್ತಾರೆ," ಎನ್ನುತ್ತಾರೆ ನೀಲಕ್ಕ. "ಒಣಗಿಸಿಟ್ಟ ಪೆನ್ನು ಮುಟ್ಟಿದ ತಕ್ಷಣ ಬರೀಬೇಕು. ಕೆಟ್ಟ ಹಾಳೇಲೂ ಇಂಕು ಹರಡಿ ಕಾಲು ಚಾಚಬಾರದು. ಅದಕ್ಕೆ ಇದು ಡ್ರಮ್ಮಲ್ಲಿ ಇಪ್ಪತ್ತೊಂದು ದಿನ ಸುಮ್ನೆ ಮಲಗಿರಬೇಕು. ಕರಗದ ಪುಡಿಯೆಲ್ಲ ತಳಕ್ಕೆ ಕೂತ್ಕೊಳ್ಳುತ್ತೆ. ಮೇಲಿನದನ್ನ ಸೋಸಿದ್ರೆ ಅದೇ ಇಂಕು."

ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ, ತಪ್ಪಿನಿಂದ ಬಂದದ್ದು. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ, ಅವಸರಕ್ಕೆ ಬಿದ್ದು ಒಂಬತ್ತನೇ ದಿನಕ್ಕೇ ಸೀಸೆ ತುಂಬಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಎರಡು ತಿಂಗಳಿಗೆ ಒಬ್ಬಳು ಹುಡುಗಿ ಗೇಟಿಗೆ ಬಂದು, ಪರೀಕ್ಷೆಯ ನಡುವೆ ಕಟ್ಟಿಕೊಂಡ ತನ್ನ ಪೆನ್ನನ್ನು ಕಾವಲುಗಾರನ ಮೇಜಿನ ಮೇಲಿಟ್ಟು ಹೋದಳು. ವಾಪಸು ಬಂದ ಎಂಟುನೂರು ಸೀಸೆಗಳನ್ನು ನೀಲಕ್ಕ ಒಬ್ಬರೇ ತೊಳೆದರು. ಆ ಪೆನ್ನೇ ಇಂದಿನ ಮೂರನೇ ಪೆನ್ನು. "ಬಲು ಜಗಳಗಂಟಿ ಇದು. ಇದು ಸೈ ಅಂದ್ರೆ ಊರಿನ ಪೆನ್ನೆಲ್ಲ ಸೈ."

ಡ್ರಮ್ಮಿನಲ್ಲಿ ಇನ್ನೂರು ಲೀಟರ್, ಅಂದರೆ ನಾಲ್ಕು ಸಾವಿರ ಸೀಸೆ. ಇವತ್ತಿಗೆ ಹನ್ನೆರಡನೇ ದಿನ. ಒಂಬತ್ತು ಗಂಟೆಗೆ ಹೊಸ ಮ್ಯಾನೇಜರ್ ಬರುತ್ತಾರೆ. ಅವರ ಹಿಂದೆಯೇ ಲಾರಿ.

"ತುಂಬಿಸಿಬಿಡಿ ಅಮ್ಮ," ಎನ್ನುತ್ತಾರೆ ಮ್ಯಾನೇಜರ್, ಬೆಳಗಿನ ಹಾಳೆ ನೋಡಿ. "ಎರಡು ಪೆನ್ನು ಬರೀತಲ್ಲ."

"ಕೊಂಡೋರ ಮನೇಲಿ ಇರೋದು ಮೂರನೇದೇ ಸಾರ್."

"ಇನ್ನು ನಾಲ್ಕು ತಿಂಗಳಿಗೆ ನಿಮಗೆ ನಿವೃತ್ತಿ. ಆಮೇಲೆ ಹೇಗೂ ಹತ್ತೇ ದಿನ ಮಾಡೋದು ನಾವು. ಈಗಲೇ ಶುರು ಮಾಡಿದ್ರೆ ಏನು ನಷ್ಟ?"

ಕೋಣೆಯಲ್ಲಿ ರಟ್ಟಿನ ಡಬ್ಬಿ ಮಡಚುತ್ತಿದ್ದ ಹೆಂಗಸರ ಕೈ ನಿಲ್ಲುತ್ತದೆ. ಮೂರು ದಶಕದ ತಾಳ್ಮೆಯನ್ನು ಒಂದು ಮಾತಲ್ಲಿ ಅರ್ಧಕ್ಕೆ ಇಳಿಸಿದ್ದಾರೆ ಮ್ಯಾನೇಜರ್, ಅದೂ ಸಂಬಳದ ಕುರ್ಚಿಗೆ ಬಂದು ಎರಡು ತಿಂಗಳಾಗುವ ಮುಂಚೆ. ನೀಲಕ್ಕ ದನಿ ಏರಿಸುವುದಿಲ್ಲ. ಸರಕು ಹೊರಡುವ ಮುಂಚೆ ಸಹಿ ಬೀಳಬೇಕಾದ ಬಿಡುಗಡೆ ಪುಸ್ತಕ ತೆರೆದು, ಮೂರನೇ ಪೆನ್ನನ್ನು ಅವರ ಕೈಗೆ ಕೊಡುತ್ತಾರೆ.

"ನಾನು ಹಾಕಲ್ಲ. ನೀವೇ ಸಹಿ ಹಾಕಿ ಸಾರ್, ಇದರಲ್ಲೇ."

ಮ್ಯಾನೇಜರ್ ಹೆಸರಿನ ಅರ್ಧದಲ್ಲಿ ಪೆನ್ನು ನಿಲ್ಲುತ್ತದೆ. ಕೊಡವುತ್ತಾರೆ, ಒತ್ತುತ್ತಾರೆ, ಹಾಳೆ ಹರಿಯುತ್ತದೆ, ಶಾಯಿ ಬರುವುದಿಲ್ಲ. ಹೆಂಗಸರಲ್ಲೊಬ್ಬರು ಕೆಮ್ಮಿನಲ್ಲಿ ನಗು ಮುಚ್ಚುತ್ತಾರೆ. "ಅರ್ಧ ಹೆಸರಿಗೆ ಲಾರಿ ಹೊರಡುತ್ತಾ ಅಕ್ಕ?" ಎಂದು ಇನ್ನೊಬ್ಬರು ಕೇಳುತ್ತಾರೆ. ಮ್ಯಾನೇಜರ್ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಚಾಲಕನ ಜೊತೆ ಮಾತಾಡುತ್ತಾರೆ. ಲಾರಿ ಬರಿದಾಗಿಯೇ ತಿರುಗುತ್ತದೆ.

ಇವತ್ತು ಉಳಿಯಿತು. ನಾಲ್ಕು ತಿಂಗಳಾದ ಮೇಲೆ? ಹೋಗುವ ಮುಂಚೆ ಏನು ಬೇಕು ಎಂದರೆ ನೀಲಕ್ಕ ಬೆರಳು ಒರೆಸಿಕೊಳ್ಳುತ್ತಾರೆ, ನೀಲಿ ಹೋಗುವುದಿಲ್ಲ.

"ಸನ್ಮಾನ ಬೇಡ, ಗೋಡೆ ಮೇಲೆ ಫೋಟೋನೂ ಬೇಡ. ಡಬ್ಬಿ ಮೇಲೆ 'ಇಪ್ಪತ್ತೊಂದು ದಿನ' ಅಂತ ಅಚ್ಚು ಹಾಕಿಸ್ಲಿ. ಅಚ್ಚಾದ್ಮೇಲೆ ದಿನ ಕದಿಯೋಕೆ ಯಾರಿಗಾದ್ರೂ ಸ್ವಲ್ಪ ನಾಚಿಕೆ ಆಗುತ್ತೆ."

ಆಮೇಲೆ ಹುಡುಗಿಯ ಪೆನ್ನನ್ನು ತೊಳೆದು, ಮತ್ತೆ ಶಾಯಿ ತುಂಬಿ, ಮುಚ್ಚಳ ತೆಗೆದು ಕಿಟಕಿಕಟ್ಟೆಯ ಮೇಲೆ ಮಲಗಿಸುತ್ತಾರೆ. ಇನ್ನು ಒಂಬತ್ತು ದಿನ.