ಮೂವತ್ತೊಂದನೇ ಸೆಕೆಂಡಿನ ಜೋಡಣೆ

ಬೆಳಿಗ್ಗೆ ಆರು ಗಂಟೆ. ರೇಡಿಯೊ ಕೇಂದ್ರದ ನೆಲಮಾಳಿಗೆಯಲ್ಲಿ ಹಣ್ಣು ಒಣಗಿಸುವ ಯಂತ್ರದ ಬಾಗಿಲು ತೆರೆದು ಟೇಪಮ್ಮ ನಾಲ್ಕು ರೀಲುಗಳನ್ನು ಹೊರತೆಗೆಯುತ್ತಾರೆ. ಹಳೆಯ ಟೇಪು ವರ್ಷಗಟ್ಟಲೆ ತೇವ ಹೀರಿ ಅಂಟಂಟಾಗಿರುತ್ತದೆ. ಹಾಗೆಯೇ ಓಡಿಸಿದರೆ ಧ್ವನಿ ಹಿಡಿದಿಟ್ಟ ಲೇಪ ಕಿತ್ತುಬರುತ್ತದೆ. ಐವತ್ನಾಲ್ಕು ಡಿಗ್ರಿಯಲ್ಲಿ ಎಂಟು ಗಂಟೆ ಬಿಸಿಮಾಡಿ ಆರಲು ಬಿಟ್ಟರೆ ಕೆಲವು ವಾರಗಳ ಮಟ್ಟಿಗೆ ಅದಕ್ಕೆ ಮರುಜೀವ. ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

“ನಮ್ಮ ಅತ್ತಿಗೆ ಬೇಯ್ಸಿದ್ದನ್ನ ತಿನ್ನೋಕಾಗಲ್ಲ, ಕೇಳ್ಬೇಕು ಅಷ್ಟೆ” ಎಂದು ಮನೆಯಲ್ಲಿ ನಾದಿನಿ ಕಾಲೆಳೆಯುತ್ತಾರೆ.

ಈಗ ಎಲ್ಲರೂ ಟೇಪಮ್ಮ ಎನ್ನುವ ಈ ಐವತ್ತಮೂರರ ಮಹಿಳೆ ಇಲ್ಲಿಗೆ ಸೇರಿದ್ದು ಕಪಾಟುಗಳ ಧೂಳು ಹೊಡೆಯುವ ಕೆಲಸಕ್ಕೆ. ಟೇಪು ಹಿಡಿಯಲು ಕಲಿಸಿದವರು ನಿವೃತ್ತಿಯ ಅಂಚಿನಲ್ಲಿದ್ದ ತಂತ್ರಜ್ಞರೊಬ್ಬರು. ಇಪ್ಪತ್ತಾರು ವರ್ಷಗಳಲ್ಲಿ 3,870 ರೀಲುಗಳು ಮುಗಿದಿವೆ, ಇನ್ನೂ 1,200 ಉಳಿದಿವೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಕೇಳುವ ಶಕ್ತಿ ಉಳಿಸಿಕೊಳ್ಳಲು ಬಸ್ಸಿನ ಗದ್ದಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾರೆ. ಮಾತಾಡಿಸಿದವರು ಜಂಬ ಎಂದುಕೊಳ್ಳುವುದೂ ಉಂಟು.

ಒಮ್ಮೆ ಎಡವಿದ್ದನ್ನು ಮುಚ್ಚಿಡುವುದಿಲ್ಲ. ಒಂದು ಗಿಟಾರ್ ಟೇಪಿನಲ್ಲಿ, ತಂತಿಯ ಮೇಲೆ ಬೆರಳು ಜಾರುವ ಕೀಚಲು ಸದ್ದನ್ನೆಲ್ಲ ಕೊಳೆಯೆಂದು ತಿಳಿದು ತೆಗೆದುಹಾಕಿದ್ದರು. ಪ್ರಸಾರ ಕೇಳಿದ ವಾದಕರು ಫೋನ್ ಮಾಡಿ, “ನನ್ನ ಬೆರಳೆಲ್ಲಿ ಹೋಯ್ತಮ್ಮಾ?” ಎಂದರಂತೆ. ಮರುದಿನವೇ ಇಡೀ ಟೇಪನ್ನು ಮತ್ತೆ ಇಳಿಸಿದರು. “ಗುಡಿಸೋ ಕೆಲಸದಿಂದ ಬಂದೋಳು, ಕೈ ಸುಮ್ನಿರಲ್ಲ” ಎಂದು ನಗುತ್ತಾರೆ.

ಇಂದಿನ ನಾಲ್ಕು ರೀಲುಗಳಲ್ಲಿ ಒಂದು ಅದೇ ವಾದಕರದು. ಗಿಟಾರ್ ಒಂದೇ ನುಡಿಯುವ ಸೋಲೋಗಳಲ್ಲಿ ಮರೆಯಲಾಗದ್ದು ಯಾವುದೆಂದು ಕೇಂದ್ರ ಕೇಳಿದಾಗ 1,140 ಶ್ರೋತೃಗಳಲ್ಲಿ 412 ಮಂದಿ ಇವರ ನಲವತ್ತೆಂಟು ಸೆಕೆಂಡುಗಳನ್ನೇ ಆರಿಸಿದ್ದಾರೆ. ಅವರೆಲ್ಲ ಕೇಳಿರುವುದು ಗೀರುಬಿದ್ದ ಗ್ರಾಮಫೋನ್ ತಟ್ಟೆಯಿಂದ. ಮೂಲ ಇರುವುದು ಈ ಒಂದೇ ರೀಲಿನಲ್ಲಿ. ಎಪ್ಪತ್ತೆಂಟರ ವಾದಕರ ಬೆರಳುಗಳು ಮರಗಟ್ಟಿವೆ, ಮತ್ತೆ ನುಡಿಸಿಕೊಡಿ ಎನ್ನುವಂತಿಲ್ಲ. ಹತ್ತು ಗಂಟೆಗೆ ಅವರು ಬಂದು ಕೇಳಿ ಒಪ್ಪಿದರಷ್ಟೇ ಪ್ರಸಾರ.

ನಿಧಾನಕ್ಕೆ ಸುತ್ತು ಬಿಚ್ಚುತ್ತಿದ್ದ ಟೇಪಮ್ಮನ ಕೈ ಗಕ್ಕನೆ ನಿಲ್ಲುತ್ತದೆ. ಸೋಲೋದ ಮೂವತ್ತೊಂದನೇ ಸೆಕೆಂಡು ಬರುವ ಜಾಗದಲ್ಲಿ ಟೇಪು ಎರಡು ತುಂಡು. ಧ್ವನಿಮುದ್ರಣದ ದಿನ ಎರಡು ಸಲ ನುಡಿಸಿದ್ದನ್ನು ಕತ್ತರಿಸಿ ಸೇರಿಸಿದ್ದ ಜಾಗದ ಅಂಟು ಒಣಗಿ ಬಿಟ್ಟುಕೊಂಡಿದೆ. ಕೂದಲೆಳೆಯಷ್ಟು ಸಂದು ಉಳಿದರೂ ಟಿಕ್ ಎನ್ನುತ್ತದೆ, ಒಂದರ ಮೇಲೊಂದು ಕೂತರೆ ಸ್ವರ ಮುಗ್ಗರಿಸುತ್ತದೆ. ಭೂತಗನ್ನಡಿಯ ಕೆಳಗೆ ತುದಿಗಳನ್ನು ಒರೆಸಿ, ಲೋಹದ ಅಚ್ಚಿನ ತೋಡಿನಲ್ಲಿ ಎದುರುಬದುರು ಮಲಗಿಸಿ, ಹೊಸ ಅಂಟುಪಟ್ಟಿ ಹಚ್ಚುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿದೆ.

ಮಗಳ ಕೈಹಿಡಿದು ಬಂದ ವಾದಕರು ಕಣ್ಣುಮುಚ್ಚಿ ಕೇಳುತ್ತಾರೆ. ಇನ್ನೊಮ್ಮೆ ಹಾಕಲು ಹೇಳುತ್ತಾರೆ. ಆಮೇಲೆ ತಿರುಗಿ, “ಅವತ್ತು ಆತುರದಲ್ಲಿ ಅಂಟ್ಸಿದ್ರು. ಆ ಜಾಗ ಇಷ್ಟು ವರ್ಷ ನಂಗೊಬ್ಬನಿಗೆ ಚುಚ್ತಿತ್ತು. ಇವತ್ತು ಸಿಗ್ತಾನೇ ಇಲ್ಲ” ಎನ್ನುತ್ತಾರೆ.

“ಅಪ್ಪ, ಮನೇಲಿ ನಾನು ಕರೆದ್ರೂ ನಿಮಗೆ ಕೇಳ್ಸಲ್ಲ” ಎಂದು ಮಗಳು ಚುಡಾಯಿಸುತ್ತಾಳೆ. ಅವರು ಮೂರನೇ ಸಲ ಕೇಳಿ, ಒಪ್ಪಿಗೆಯ ಕಾಗದಕ್ಕೆ ಸೊಟ್ಟಗೆ ಸಹಿ ಹಾಕುತ್ತಾರೆ.

ಪ್ರಸಾರದಲ್ಲಿ ನಿಮ್ಮ ಹೆಸರನ್ನೂ ಹೇಳಿಸೋಣವೇ ಎಂದು ನಿಲಯದ ಅಧಿಕಾರಿ ಕೇಳಿದಾಗ ಟೇಪಮ್ಮ ರೀಲನ್ನು ಡಬ್ಬಿಗೆ ಇಳಿಸುತ್ತಿದ್ದಾರೆ.

“ಬೇಡ ಸರ್. ಹೆಸರು ಹೇಳಿದ್ರೆ ಜನ ಜೋಡಿಸಿದ ಜಾಗ ಹುಡುಕ್ತಾ ಕೂರ್ತಾರೆ. ಗಿಟಾರ್ ಕೇಳ್ಲಿ.”