ರೊಟ್ಟಿ ಹಂಚಿನ ಮೇಲೆ ಪಿಜ್ಜಾ

ನಮ್ಮ ಮನೆಯಲ್ಲಿ ಎರಡು ಕಬ್ಬಿಣದ ಹಂಚುಗಳಿವೆ. ಒಂದು ದೋಸೆಯದು, ಇನ್ನೊಂದು ಜೋಳದ ರೊಟ್ಟಿಯದು. ನೋಡಲು ಎರಡೂ ಒಂದೇ ಕಪ್ಪು. ದೋಸೆ ಹಂಚಿಗೆ ಎಣ್ಣೆ ಇಲ್ಲದೆ ನಡೆಯದು, ರೊಟ್ಟಿ ಹಂಚಿಗೆ ಎಣ್ಣೆ ಸೋಕಬಾರದು. ಇಷ್ಟು ವರ್ಷ ಅದೇ ಹಂಚಿನ ಎದುರು ಕೂತು ಉಂಡ ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶುರುವಾದದ್ದು ಆದೋನಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ, ಮೊಮ್ಮಗಳ ಹುಟ್ಟುಹಬ್ಬದ ದಿನ. ಮೇಜಿನ ನಡುವೆ ಪಿಜ್ಜಾ ಬಂತು. ನನ್ನ ಹೆಂಡತಿ ನರಸಮ್ಮ ಒಂದು ತುಂಡು ಎತ್ತಿಕೊಂಡಳು. ಚೀಸು ದಾರದಂತೆ ಎಳೆದುಕೊಂಡು ಬಂದಾಗ ಮೊಮ್ಮಗಳ ಜೊತೆ ತಾನೂ ನಕ್ಕಳು. ಆಕೆ ಅಷ್ಟು ನಿಧಾನವಾಗಿ, ಅಷ್ಟು ಖುಷಿಯಾಗಿ ತಿಂದದ್ದನ್ನು ನಾನು ನೋಡಿರಲೇ ಇಲ್ಲ. ಓಹೋ, ಇವಳಿಗೆ ಪಿಜ್ಜಾ ಎಂದರೆ ಪ್ರಾಣ ಎಂದುಕೊಂಡೆ. ನನ್ನ ಹತ್ತನೇ ಕ್ಲಾಸಿನ ಬುದ್ಧಿ ಅಲ್ಲಿಗೇ ನಿಂತಿತು.

ಒಂದು ಸಂಜೆ ಆಕೆ ಗುಡಿಗೆ ಹೋದಾಗ ನಾನು ಅಡುಗೆಮನೆ ಹೊಕ್ಕೆ. ದಪ್ಪ ಕಬ್ಬಿಣದ ಪಾತ್ರೆಗೆ ಎಣ್ಣೆ ಸವರಿ ಹೊಗೆ ಬರುವಷ್ಟು ಕಾಯಿಸಿರಿ ಎಂದು ಫೋನಿನ ವಿಡಿಯೊದಲ್ಲಿ ಒಬ್ಬ ತೆಲುಗು ಹೆಣ್ಣುಮಗಳು ಹೇಳಿದಳು. ದೋಸೆ ಹಂಚು ಚಿಕ್ಕದು, ರೊಟ್ಟಿ ಹಂಚು ಅಗಲ. ಆ ಅಗಲದ್ದಕ್ಕೇ ಎಣ್ಣೆ ಧಾರಾಳವಾಗಿ ಸವರಿದೆ. ಮೈದಾ ತಟ್ಟುವಾಗ ಸ್ವಲ್ಪ ಜ್ಞಾನಿಯೂ ಆದೆ. ಇಟಲಿಯಲ್ಲೂ ಯಾರೋ ಹೊಲಕ್ಕೆ ಹೊರಟವರೇ ಇದನ್ನು ಕಂಡುಹಿಡಿದಿರಬೇಕು. ರೊಟ್ಟಿ ಒಂದು ಕೈಗೆ, ಪಲ್ಯ ಒಂದು ಕೈಗೆ ಯಾಕೆ ಎಂದು ಪಲ್ಯವನ್ನು ರೊಟ್ಟಿಯ ಮೇಲೇ ಹೊರಿಸಿರಬೇಕು. ಈ ವಿಚಾರ ಮುಗಿಯುವಷ್ಟರಲ್ಲಿ ತಳ ಇದ್ದಲಾಗಿತ್ತು. ಮೇಲಿನ ಚೀಸಿಗೆ ಬಿಸಿಯ ಸುದ್ದಿಯೇ ಮುಟ್ಟಿರಲಿಲ್ಲ.

ನರಸಮ್ಮ ಬಾಗಿಲಲ್ಲೇ ನಿಂತಳು.

"ಏನ್ರಿ ಇದು? ರೊಟ್ಟಿ ಹಂಚಿಗೆ ಎಣ್ಣಿ ಹಚ್ಚೀರೇನು?"

"ಫೋನಿನಾಗ ಆಕಿ ಹಂಗ ಹೇಳಿದ್ಳು."

"ಹಂಗಾದ್ರ ನಾಳಿಂದ ರೊಟ್ಟಿ ಸುಡಾಕ ಆಕಿನ್ನೇ ಕರೀರಿ!"

ಆ ಹಂಚು ಅವಳ ತಾಯಿ ತವರೂರು ಹೊಳಗುಂದದಿಂದ ಕೊಟ್ಟು ಕಳಿಸಿದ್ದು. ಪಿಜ್ಜಾವನ್ನು ಆಕೆ ಮುಟ್ಟಲಿಲ್ಲ. ಮರುದಿನ ರೊಟ್ಟಿ ಹಂಚಿನ ಮೇಲೆ ಜಾರಾಡಿತು, ಕಮಟು ಹೊಗೆ ಎದ್ದಿತು, ಉಬ್ಬಲಿಲ್ಲ. "ಹಂಚಿಗೆ ಕಚ್ಚಿದ್ರ ಉಬ್ಬತೈತ್ರಿ" ಎಂದವಳ ಕಣ್ಣು ಒದ್ದೆಯಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಂಚನ್ನು ಮೊದಲಿನಂತೆ ಮಾಡಿಕೊಡುವುದು ನನ್ನ ಕೆಲಸವಾಯಿತು. ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕುವುದು, ಹಿತ್ತಲಲ್ಲಿ ಕಟ್ಟಿಗೆಯ ಉರಿಗೆ ಹಿಡಿದು ಎಣ್ಣೆ ಸುಡುವುದು, ಬೆಳಿಗ್ಗೆ ಒಲೆಯ ಪಕ್ಕ ಕೂತು ರೊಟ್ಟಿ ಕಚ್ಚಿತೋ ಇಲ್ಲವೋ ನೋಡುವುದು. ರೊಟ್ಟಿಯನ್ನು ನೋಡಲು ಕೂತವನಿಗೆ ರೊಟ್ಟಿ ಸುಡುವವಳು ಕಂಡಳು. ನಾನು "ಇನ್ನೊಂದು ಹಾಕು, ಬಿಸಿದು" ಎನ್ನುತ್ತೇನೆ. ಆಕೆ ಬಡಿಯುತ್ತಾಳೆ, ಸುಡುತ್ತಾಳೆ, ಹಾಕುತ್ತಾಳೆ. ನಾನು ಕೈ ತೊಳೆದು ಹೊರಗೆ ಹೋದ ಮೇಲೆ ಬುಟ್ಟಿಯಲ್ಲಿ ತಣ್ಣಗಾದದ್ದನ್ನು ಒಬ್ಬಳೇ ಉಣ್ಣುತ್ತಾಳೆ.

"ದಿನಾ ಹಿಂಗೇ ಏನು ನೀ ಉಣ್ಣೋದು?" ಎಂದೆ.

"ಭಾಳ ಲಗೂನ ಕೇಳಿದ್ರಿ ಬಿಡ್ರಿ!"

ಬೇಕರಿಯಲ್ಲಿ ಆಕೆಯನ್ನು ನಗಿಸಿದ್ದು ಚೀಸು ಎಂದು ತಿಳಿದಿದ್ದೆನಲ್ಲ! ಅಲ್ಲಿ ಆಕೆ ಎಲ್ಲರ ಜೊತೆ ಕೂತಿದ್ದಳು, ಕೈಯಲ್ಲಿ ಬಿಸಿ ತುಂಡಿತ್ತು, ಯಾರೂ ಇನ್ನೊಂದು ಹಾಕು ಎನ್ನಲಿಲ್ಲ.

ದಿನಗಳು ಕಳೆದು ಹಂಚಿನ ಜಿಡ್ಡು ಹೋಯಿತು. ಒಂದು ಬೆಳಿಗ್ಗೆ ರೊಟ್ಟಿ ಕಚ್ಚಿ, ಹೊಟ್ಟೆ ಉಬ್ಬಿಸಿ ಎದ್ದಿತು. ನರಸಮ್ಮ ಅದನ್ನು ನನ್ನ ತಟ್ಟೆಗೆ ಹಾಕಿದಳು. ಅರ್ಧ ಮುರಿದು ಆಕೆಗೆ ಕೊಟ್ಟೆ.

ಆ ವಾರವೇ ಪೇಟೆಗೆ ಹೋಗಿ ಬೇರೆ ಕಬ್ಬಿಣದ ಬಾಣಲೆ ತಂದೆ. ಈಗ ಶನಿವಾರ ಸಂಜೆ ಅಡುಗೆಮನೆ ನನ್ನದು. ಸಣ್ಣ ಉರಿ, ಮೇಲೆ ಮುಚ್ಚಳ; ಚೀಸಿಗೂ ಬಿಸಿಯ ಸುದ್ದಿ ಮುಟ್ಟುತ್ತದೆ. ಮೊದಲ ಸಲ ಬಾಣಲೆಯನ್ನು ನೆಲದ ಮೇಲೆ ಗೋಣಿತಟ್ಟಿನ ಮೇಲಿಟ್ಟು ತುಂಡು ಮಾಡಿದಾಗ ಆಕೆ ಅಭ್ಯಾಸದಂತೆ ನಿಂತೇ ಇದ್ದಳು.

"ನೀವು ತಿನ್ರಿ ಮೊದಲು."

"ಇದು ಒಮ್ಮೆಗೇ ಎಲ್ಲಾರಿಗೂ ಬೇಯ್ತೈತಿ. ಕುಂದ್ರು."

ಕೂತಳು. ಕಚ್ಚಿ ನೋಡಿದಳು. "ತಳ ಸ್ವಲ್ಪ ಕರಕಾಗೈತಿ" ಎಂದಳು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಆಕೆಯ ತಟ್ಟೆ ನನ್ನ ಕಡೆ ಸರಿಯಿತು.

"ಇನ್ನೊಂದು ಹಾಕ್ರಿ, ಬಿಸಿದು."