ಇಳಿಯಲಾಗದ ಹೊಳೆ

ನೀರಿನ ಬಾಟಲಿ ಗಾಡಿಯಲ್ಲೇ ಇರಲಿ ಎಂದವರು ನಮ್ಮನೆಯವರು. "ಕೆಳಗೆ ಹೊಳೆನೇ ಇದ್ಯಲ್ಲೇ ಮಾರಾಯ್ತಿ, ನೀರು ಎಂತಕ್ಕೆ ಹೊರೋದು?" ನನಗೂ ಅದು ಸರಿ ಅನ್ನಿಸಿತು. ಕೊಪ್ಪದ ಕಡೆ ಹುಟ್ಟಿ ಬೆಳೆದವರಿಗೆ ಬಾಟಲಿ ಹಿಡಿದು ಗುಡ್ಡ ಹತ್ತುವ ಅಭ್ಯಾಸವೇ ಇಲ್ಲ. ಬಾಯಾರಿದ ಕಡೆ ಒಂದು ಹಳ್ಳ ಇದ್ದೇ ಇರುತ್ತದೆ, ಬೊಗಸೆ ಒಡ್ಡಿದರಾಯಿತು.

ಬಾಳೆಹೊನ್ನೂರಿನಿಂದ ಹೊರಟ ಟಿಟಿ ಗಾಡಿಯಲ್ಲಿ, ಪರಿಚಯದವರ ಜೊತೆ, ಆಂಧ್ರದ ಗಂಡಿಕೋಟೆಗೆ ಬಂದಿದ್ದೆವು. ಪೆನ್ನಾ ನದಿ ಬಂಡೆಯನ್ನು ಕೊರೆದು ಮಾಡಿದ ಕಮರಿ ನೋಡುವ ಆಸೆ ಇವರದು. ಫೋನಿನಲ್ಲಿ ಅದರ ಚಿತ್ರ ತೋರಿಸಿ ತೋರಿಸಿ ನನ್ನ ತಲೆ ತಿಂದಿದ್ದರು. ನಿಜ ಹೇಳಬೇಕೆಂದರೆ ನನಗೆ ಹೊರಡುವ ಮನಸ್ಸೇ ಇರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ. ಹೋದ ಬೇಸಿಗೆಯಲ್ಲಿ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅವತ್ತಿನಿಂದ ಇವರು ಬಚ್ಚಲಲ್ಲಿ ಸ್ವಲ್ಪ ತಡ ಮಾಡಿದರೂ ನಾನು ಬಾಗಿಲು ಬಡಿಯುತ್ತೇನೆ.

ಕಮರಿಯ ಹತ್ತಿರ ಬಂದರೆ, ಅಬ್ಬಬ್ಬಾ! ಕೆಂಪು ಬಂಡೆಗಳು ದೋಸೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು. ಕೆಲವಕ್ಕೆ ಬುಡವೇ ಸವೆದುಹೋಗಿ, ಈಗಲೋ ಆಗಲೋ ಉರುಳುವಂತಿದ್ದವು. ಪಾತಾಳದಲ್ಲಿ ಹಸಿರು ಹೊಳೆ. ಇಳಿಯುವ ದಾರಿ ಹುಡುಕಿದರೆ ದಾರಿಯೇ ಇಲ್ಲ, ನೆಟ್ಟಗೆ ಕಲ್ಲಿನ ಗೋಡೆ.

"ಇದೆಂತ ಹೊಳೆ ಮಾರಾಯ್ತಿ, ಕಾಲು ತೊಳೆಯಕ್ಕೂ ಆಗಲ್ಲ," ಎಂದು ನಕ್ಕವರು ಬಂಡೆಯಿಂದ ಬಂಡೆಗೆ ದಾಟುತ್ತಾ ಮುಂದೆ ಹೋದರು.

"ಅಂಚಿಗೆ ಹೋಗ್ಬೇಡಿ ಅಂದ್ರೆ ಕಿವಿ ಕೇಳಲ್ವಾ?" ಎಂದು ಕೂಗಿದೆ.

"ಒಂದೇ ಫೋಟೋ, ಬಂದೆ."

ಬಿಸಿಲು ನೆತ್ತಿ ಸುಡುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸುತ್ತಲಿನವರೆಲ್ಲ ಕಮರಿ ನೋಡಿ ಆಹಾ ಓಹೋ ಎನ್ನುತ್ತಿದ್ದರೆ ನಾನು ಇವರ ಬಿಳಿ ಅಂಗಿಯನ್ನೇ ನೋಡುತ್ತಿದ್ದೆ. ಜಾರಿದ ಸೆರಗು ಸರಿಮಾಡಿಕೊಂಡು ತಲೆಯೆತ್ತುವಷ್ಟರಲ್ಲಿ ಅಂಗಿ ಕಾಣಲಿಲ್ಲ.

ಓಡಿದೆ. ಒಂದು ಬಂಡೆಯ ಮರೆಯಲ್ಲಿ ಕುಸಿದು ಕೂತಿದ್ದರು, ಪುಣ್ಯಕ್ಕೆ ಅಂಚಿನಿಂದ ಈಚೆಗೆ. ಮುಖ ಬಿಳುಚಿಕೊಂಡಿತ್ತು. "ನೀರು," ಅಂದರು. ನಮ್ಮ ಗಾಡಿ ಕೋಟೆಬಾಗಿಲಿನ ಆಚೆ, ಜೊತೆಯವರು ಇನ್ನೂ ಹಿಂದೆ ಕೋಟೆಯ ಗುಡಿಗಳ ಹತ್ತಿರ. ಕೆಳಗೆ ನೋಡಿದರೆ ಹೊಳೆ ತುಂಬ ನೀರು! ತುಂಗೆಯನ್ನು ಕಂಡಲ್ಲೆಲ್ಲ ಕೈ ಮುಗಿಯುವವಳು ನಾನು, ಆ ಹೊಳೆಗೆ ಬಾಯಿಗೆ ಬಂದ ಹಾಗೆ ಬೈದೆ.

ಅಷ್ಟು ದೂರದಲ್ಲಿ ಒಂದು ತೆಲುಗು ಸಂಸಾರ ಫೋಟೋ ತೆಗೆಸಿಕೊಳ್ಳುತ್ತಿತ್ತು. ನನಗೆ ತೆಲುಗು ಬಾರದು. ಕೈಸನ್ನೆ ಮಾಡಿ ಇವರ ಕಡೆ ತೋರಿಸಿದೆ, ತೋರಿಸುವಾಗಲೇ ಅಳು ಬಂತು. ಆ ಹೆಂಗಸು ಬಾಟಲಿ ಹಿಡಿದು ನನಗಿಂತ ಮುಂದೆ ಓಡಿದಳು. ಇವರ ತಲೆಯನ್ನು ಅವಳೇ ಎತ್ತಿ ಹಿಡಿದಳು, ನಾನು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಕಣ್ಣು ಬಿಟ್ಟವರು ಮೊದಲು ಹೇಳಿದ್ದೇನು ಗೊತ್ತೇ? "ನೀರು ಸಪ್ಪೆ."

"ಸಾಯೋ ಹೊತ್ತಲ್ಲೂ ರುಚಿ ಬೇಕಾ ನಿಮಗೆ!" ಎಂದು ಕಿರುಚಿದೆ. ಸಿಟ್ಟೋ ಹೆದರಿಕೆಯೋ, ನನಗೇ ತಿಳಿಯದು. ಆ ಹೆಂಗಸಿಗೆ ಕನ್ನಡ ತಿಳಿಯದಿದ್ದರೂ ನಕ್ಕು ನನ್ನ ಬೆನ್ನು ಸವರಿದಳು.

ವಾಪಸು ಹೊರಟಾಗ ಸಂಜೆಯಾಗಿತ್ತು. ಇವರು ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. ಜೊತೆಯವರು ಅಂತ್ಯಾಕ್ಷರಿ ಶುರು ಮಾಡಿ ನನ್ನನ್ನೂ ಕರೆದರು. ಹಾಡು ಯಾರಿಗೆ ಬೇಕು? ಗಾಡಿಯ ಕುಲುಕಾಟದಲ್ಲಿ ಇವರ ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಯಾರೂ ನೋಡದ ಹಾಗೆ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ತಾಗಿತು. ಕೈ ತೆಗೆದೆ. ತೆಗೆದ ಕೂಡಲೇ ಮತ್ತೆ ಅನುಮಾನ. ಮತ್ತೆ ಹಿಡಿದೆ.

"ಇದೀನೇ ಮಾರಾಯ್ತಿ," ಅಂದರು ಕಣ್ಣು ಮುಚ್ಚಿಕೊಂಡೇ. "ನೀನು ಮಲಗು."

"ಹೂಂ," ಅಂದೆ. ಕೈ ಮಾತ್ರ ತೆಗೆಯಲಿಲ್ಲ.